ಹನ್ನೊಂದು ಸಲದ ಎದೆಯುರಿ

ಅಮ್ಮಯಮ್ಮನಿಗೆ ಎದೆಯುರಿ ಅಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು, ಮುದ್ದೆಯ ಪಕ್ಕದಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಒಂದಿಷ್ಟು ಕಲ್ಲುಪ್ಪು ಇಲ್ಲದೆ ಊಟಕ್ಕೆ ಕೂತೋಳೇ ಅಲ್ಲ. ಕಲ್ಲು ತಿಂದು ಕರಗಿಸೋ ಹೊಟ್ಟೆ ಅದು. ಗಂಡ ಪಿಳ್ಳಪ್ಪ, "ಈ ವಯಸ್ಸಲ್ಲಿ ಇಷ್ಟು ಖಾರ ಬ್ಯಾಡ ಕಣೇ" ಅಂದರೆ, "ಉರಿಯೋದು ನನ್ನ ಬಾಯಿ ತಾನೇ, ನಿಮಗ್ಯಾಕೆ ಸಂಕಟ?" ಅಂತ ಇನ್ನೊಂದು ಕಾಯಿ ಕಚ್ಚುತ್ತಿದ್ದಳು. ಅಂಥೋಳ ಹೆಸರಿನ ಮುಂದೆ, ಸರ್ಕಾರದ ಆ್ಯಪಿನಲ್ಲಿ, ಎಂಟು ತಿಂಗಳಲ್ಲಿ ಹನ್ನೊಂದು ಸಲ 'ಎದೆಯುರಿ, ಎದೆ ಬಿಗಿತ, ಹುಳಿತೇಗು' ಅಂತ ದಾಖಲಾಗಿತ್ತು. ಬರೆದೋಳು ಶಶಿರೇಖಾ.

ಶಶಿರೇಖಾ ತೂಬಗೆರೆ ಕಡೆಯ ಆ ಊರಿನ ಆಶಾ ಕಾರ್ಯಕರ್ತೆ. ಕೆಟ್ಟೋಳಲ್ಲ ಕಣ್ರೀ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೊರೋನಾ ಕಾಲದಲ್ಲಿ ಅವಳ ಗುಲಾಬಿ ಸೀರೆ ಕಂಡರೆ ಬಾಗಿಲು ಹಾಕಿಕೊಂಡವರ ಮನೆಗೂ ಹೋಗಿ ಮಾತ್ರೆ ಕೊಟ್ಟು ಬಂದವಳು. ಬಸುರಿಯರನ್ನ ಆಟೋದಲ್ಲಿ ಕೂರಿಸಿಕೊಂಡು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಎಷ್ಟು ಸಲ ಹೋಗಿದ್ದಾಳೋ ಲೆಕ್ಕ ಇಟ್ಟಿಲ್ಲ. ಅವಳು ಸೊಸೆಯಾಗಿ ಬಂದಾಗ ಅತ್ತೆ ಇರಲಿಲ್ಲ. ಪಕ್ಕದ ಮನೆಯ ಅಮ್ಮಯಮ್ಮನೇ ಎರಡು ಬಾಣಂತನ ಮಾಡಿ ಎಬ್ಬಿಸಿದ್ದು. ಅವಳಿಗೆ ಅಮ್ಮಯಮ್ಮ 'ದೊಡ್ಡಮ್ಮ', ಪಿಳ್ಳಪ್ಪ 'ದೊಡ್ಡಪ್ಪ'.

ಊರಿನ ಆರೋಗ್ಯ ಉಪಕೇಂದ್ರಕ್ಕೆ ಒಂದು ಟ್ಯಾಬು ಬಂದ ದಿನದಿಂದ ಎಲ್ಲ ಕೆಟ್ಟಿತು. ಉಪಕೇಂದ್ರ ಅಂದರೆ ಏನು, ಎರಡು ಕೋಣೆ, ಒಂದು ಮಂಚ, ಗೋಡೆ ತುಂಬ ಬಣ್ಣದ ಚಿತ್ರ. ಬಿ.ಪಿ. ನೋಡೋ ಮಿಷನ್ನು ಕೆಟ್ಟು ಮೂರು ತಿಂಗಳಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಂಗೆ ಟ್ಯಾಬು ಮಾತ್ರ ಥಳಥಳ ಹೊಳೀತಿತ್ತು. ಅದರಲ್ಲಿ ಎಲ್ಲೋ ಕೂತಿರೋ ಡಾಕ್ಟರು ಕಾಣಿಸುತ್ತಾರೆ, ಕಾಯಿಲೆ ಕೇಳುತ್ತಾರೆ, ಚೀಟಿ ಕಳಿಸುತ್ತಾರೆ. ಒಳ್ಳೇದೇ. ಯಾರು ಬೇಡ ಅಂದರು? ಆದರೆ ಮೇಲಿನವರು ಅಷ್ಟಕ್ಕೇ ಬಿಡಬೇಕಲ್ಲ! ದಿನಕ್ಕೆ ಹತ್ತು ಜನರನ್ನ ತೋರಿಸಲೇಬೇಕು ಅಂತ ಗುರಿ ಕೊಟ್ಟರು. ಗುರಿ ಮುಟ್ಟದ ಉಪಕೇಂದ್ರದ ಹೆಸರನ್ನ ವಾಟ್ಸಾಪ್ ಗ್ರೂಪಿನಲ್ಲಿ ಕೆಂಪು ಬಣ್ಣದಲ್ಲಿ ಹಾಕೋರು.

ಉಪಕೇಂದ್ರ ನೋಡಿಕೊಳ್ಳುತ್ತಿದ್ದ ರಂಜಿತ ಮೇಡಂ ಗುತ್ತಿಗೆ ನೌಕರಿಯ ಹುಡುಗಿ. ಕೆಂಪು ಬಣ್ಣ ಕಂಡ ದಿನ ಅಳು ಬಂದುಬಿಡೋದು. "ಶಶಿ ಅಕ್ಕಾ, ಏನಾದ್ರೂ ಮಾಡಿ. ಈ ತಿಂಗಳೂ ಕೆಂಪು ಬಂದ್ರೆ ನನ್ನ ರಿನ್ಯೂ ಮಾಡಲ್ಲ" ಅಂದಳು. ದಿನಾ ಹತ್ತು ಕಾಯಿಲೆ ಎಲ್ಲಿಂದ ತರೋದು? ಊರಿನವರು ಆರೋಗ್ಯವಾಗಿದ್ದರೂ ತಪ್ಪು ಅನ್ನೋ ಕಾಲ ಬಂತು. ಆಗ ಶಶಿರೇಖಾ ದಾರಿ ಹುಡುಕಿದಳು. ಮುಖ ತೋರಿಸದೆ ಬರೀ ಬರೆದು ಕಳಿಸಿದರೂ ಡಾಕ್ಟರು ಚೀಟಿ ಕೊಡುತ್ತಿದ್ದರು. ಬೇಕಾದ್ದು ಒಂದು ಫೋನ್ ನಂಬರು, ಅದಕ್ಕೆ ಬರೋ ಓಟಿಪಿ, ಒಂದು ಕಾಯಿಲೆಯ ಹೆಸರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕಾರುಬಾರು. 'ಎದೆಯುರಿ' ಅಂತ ಬರೆದರೆ ಒಂದೇ ನಿಮಿಷದಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯ ಚೀಟಿ ಬಂದು ಕೇಸು ಮುಗಿದುಹೋಗೋದು.

ಊರಲ್ಲಿ ಯಾರೂ ಯಾಕೆ ಏನು ಅಂತ ಕೇಳಲಿಲ್ಲ. ಒಂದು ಲೋಟ ಸಕ್ಕರೆ ಕೊಟ್ಟಹಾಗೆ ಓಟಿಪಿ ಕೊಟ್ಟರು. ನಮ್ಮ ಶಶಿಗೆ ಬೇಕಂತೆ, ಹೇಳಿದರಾಯಿತು. ಅದರಲ್ಲೂ ಅಮ್ಮಯಮ್ಮನ ಮನೆ ಬಾಗಿಲು ಸದಾ ತೆರೆದಿರೋದು, ಫೋನು ಗೂಟಕ್ಕೆ ತೂಗುಹಾಕಿದ ಚೀಲದಲ್ಲೇ ಇರೋದು.

"ಏನು ಕಾಯಿಲೆ ಬರೀತಿದ್ದೀಯೇ ನಂಗೆ?" ಅಂತ ಒಂದು ಸಲ ಕೇಳಿದ್ದಳು.

"ಎದೆಯುರಿ ದೊಡ್ಡಮ್ಮ."

ಅಮ್ಮಯಮ್ಮ ಬಿದ್ದು ಬಿದ್ದು ನಕ್ಕಳು. "ನಂಗೆ ಎದೆಯುರೀನಾ! ಥೂ, ನಿನ್ನ ಬಾಯಿಗೆ ಮಣ್ಣು ಹಾಕ! ಬರ್ಕೋ ಬರ್ಕೋ, ನಿನ್ನ ಕೆಲಸ ಉಳಿದ್ರೆ ಸಾಕು. ನಿಮ್ಮ ದೊಡ್ಡಪ್ಪನಿಗೆ ಹೇಳಬ್ಯಾಡ, ಆಮೇಲೆ ಮೆಣಸಿನಕಾಯಿ ಬಚ್ಚಿಡ್ತಾರೆ."

ಆ ಸೋಮವಾರ ಬೆಳಿಗ್ಗೆ ಹತ್ತೂವರೆ. ಪಿಳ್ಳಪ್ಪ ಹೊಲದಲ್ಲಿ, ಮಗ ಮುನಿರಾಜ್ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ. ಅಮ್ಮಯಮ್ಮ ಹುಲ್ಲಿನ ಹೊರೆ ಇಳಿಸಿ, ಉಪಕೇಂದ್ರದ ಜಗಲಿಗೆ ತಾನೇ ನಡೆದು ಬಂದು ಕೂತಳು. ಮುಖ ಬೂದಿ ಬಣ್ಣ. ಕುಪ್ಪಸ ಬೆವರಲ್ಲಿ ನೆನೆದು ಮೈಗೆ ಅಂಟಿತ್ತು.

"ಎದೆ ಮೇಲೆ ಯಾರೋ ಕಾಲಿಟ್ಟಂಗೆ ಆಗ್ತೈತೆ ಶಶಿ. ಈ ಎಡಗೈ ಸೋಲ್ತೈತೆ."

ಶಶಿರೇಖಾಳಿಗೆ ಗೊತ್ತಾಯಿತು. ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದು ಇದೇ ತಾನೇ? ಬೆವರು, ಎಡಗೈ, ಭಾರ. ಆಂಬುಲೆನ್ಸಿಗೆ ಫೋನ್ ಮಾಡಲು ಮೊಬೈಲ್ ಕೈಗೆತ್ತಿಕೊಂಡಳು. ರಂಜಿತ ಅಂದಳು, "ಇರಿ ಅಕ್ಕಾ, ಮೊದಲು ಡಾಕ್ಟರಿಗೆ ತೋರಿಸೋಣ, ಅವರೇ ಬರೆದುಕೊಟ್ರೆ ಆಸ್ಪತ್ರೇಲಿ ಬೇಗ ನೋಡ್ತಾರೆ." ಅದೂ ಸರಿ ಅನ್ನಿಸಿತು. ಇವತ್ತು ನಿಜವಾದ ರೋಗಿ ಇದ್ದಾಳೆ, ನಿಜವಾದ ಡಾಕ್ಟರು ಇದ್ದಾರೆ. ಟ್ಯಾಬು ಇರೋದು ಇದಕ್ಕೇ ಅಲ್ಲವಾ?

ಟ್ಯಾಬಿನೊಳಗಿನ ಸರದಿಯಲ್ಲಿ ಹದಿನೇಳು ಜನರ ಹಿಂದೆ ನಿಂತರು. ಆ ಹದಿನೇಳರಲ್ಲಿ ನಿಜವಾದವರು ಎಷ್ಟೋ, ಬೇರೆ ಬೇರೆ ಊರುಗಳ ಶಶಿರೇಖಾಗಳು ಕಳಿಸಿದವರು ಎಷ್ಟೋ, ಆ ದೇವರೇ ಬಲ್ಲ. ಇಪ್ಪತ್ತೈದು ನಿಮಿಷವಾದ ಮೇಲೆ ಟ್ಯಾಬಿನಲ್ಲಿ ಒಬ್ಬ ಡಾಕ್ಟರ ಮುಖ ಬಂತು. ಚಿಕ್ಕ ವಯಸ್ಸು, ಕಣ್ಣಲ್ಲಿ ನಿದ್ದೆ. ಅವರು ಅಮ್ಮಯಮ್ಮನ ಮುಖ ನೋಡುವುದಕ್ಕೆ ಮೊದಲು ದಾಖಲೆ ನೋಡಿದರು.

"ಇವರದು ಹಳೇ ತೊಂದರೆ ಅಲ್ವಾ? ಹನ್ನೊಂದು ಸಲ ಬರೆದಿದೆ. ಮಾತ್ರೆ ಸರಿಯಾಗಿ ತಗೋತಿದ್ದಾರಾ?"

"ಸಾರ್, ಇವತ್ತು ಬೇರೆ ಥರ ಇದೆ. ಬೆವರ್ತಿದ್ದಾರೆ. ಕೈ ನೋವು."

"ಎದೆ ಬಿಗಿತ ಅಂತ ಪ್ರತಿ ಸಲಾನೂ ಇದೆಯಲ್ಲಮ್ಮ. ಮಾತ್ರೆಯಲ್ಲಿ ಕಮ್ಮಿನೂ ಆಗಿದೆ ಅಂತ ನೀವೇ ಹಾಕಿದ್ದೀರ. ಬಿ.ಪಿ. ಎಷ್ಟು?"

ರಂಜಿತ ಟ್ಯಾಬಿನ ಹಿಂದಿನಿಂದ ಶಶಿರೇಖಾಳ ಮೊಣಕೈ ಹಿಡಿದಳು. ಹುಡುಗಿಯ ಕೈ ತಣ್ಣಗಿತ್ತು. ಹೇಳಿಬಿಡಬೇಕಿತ್ತು. ಸಾರ್, ಆ ಹನ್ನೊಂದೂ ಸುಳ್ಳು, ಈ ಹೆಂಗಸಿಗೆ ಜನ್ಮದಲ್ಲಿ ಎದೆಯುರಿ ಬಂದಿಲ್ಲ ಅಂತ. ಒಂದೇ ಉಸಿರಿನ ಮಾತು. ಹೇಳಿದ್ದರೆ ರಂಜಿತಳ ಕೆಲಸ ಹೋಗುತ್ತಿತ್ತು, ತನ್ನದೂ ಹೋಗುತ್ತಿತ್ತು, ಊರ ತುಂಬ ಓಟಿಪಿ ಕೊಟ್ಟವರನ್ನೆಲ್ಲ ಕರೆದು ಕೇಳುತ್ತಿದ್ದರು. ಹೋಗಲಿ ಬಿಡು ಅನ್ನೋ ಧೈರ್ಯ ಆ ಗಳಿಗೆಯಲ್ಲಿ ಬರಲಿಲ್ಲ.

"ಬಿ.ಪಿ. ಮಿಷನ್ ರಿಪೇರಿಗೆ ಹೋಗಿದೆ ಸಾರ್" ಅಂದಳು ರಂಜಿತ.

"ಸರಿ. ಗ್ಯಾಸ್ ಮೇಲೇರಿದ್ರೆ ಕೈಗೂ ಹಂಗೇ ಆಗುತ್ತೆ. ಅದೇ ಮಾತ್ರೆ, ಜೊತೆಗೆ ಸಿರಪ್ ಬರೆದಿದ್ದೀನಿ. ಖಾರ ಕಮ್ಮಿ ಮಾಡಕ್ಕೆ ಹೇಳಿ. ಸಂಜೆಗೂ ಕಮ್ಮಿ ಆಗದಿದ್ರೆ ಆಸ್ಪತ್ರೆಗೆ ಕರಕೊಂಡು ಹೋಗಿ." ಮುಖ ಹೋಯಿತು. 'ನಿಮ್ಮ ಸಮಾಲೋಚನೆ ಯಶಸ್ವಿಯಾಗಿ ಮುಗಿದಿದೆ' ಅಂತ ಹಸಿರು ಅಕ್ಷರ ಬಂತು.

ಶಶಿರೇಖಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಓದಿದವರು ಹೇಳಿದ್ದಾರೆ, ಗ್ಯಾಸೇ ಇರಬೇಕು. ಮನುಷ್ಯನಿಗೆ ಬೇಕಾದ ಸುಳ್ಳು ಎಷ್ಟು ಬೇಗ ನಿಜ ಆಗುತ್ತೆ ನೋಡಿ! ಅಮ್ಮಯಮ್ಮನಿಗೆ ಸಿರಪ್ ಕುಡಿಸಿ, ಮನೆಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದಳು.

"ಕೊನೆಗೂ ನಿನ್ನ ಎದೆಯುರಿ ನಂಗೆ ತಗಲಿಸ್ಬಿಟ್ಟೆ ನೋಡು" ಅಂತ ಅಮ್ಮಯಮ್ಮ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಹನ್ನೆರಡೂವರೆಗೆ ಪಿಳ್ಳಪ್ಪನ ಕೂಗು ಕೇಳಿ ಶಶಿರೇಖಾ ಓಡಿದಳು. ಎದೆ ಒತ್ತಿದಳು, ಹೆಸರು ಕೂಗಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಂಬುಲೆನ್ಸು ಬಂತು. ಬಂದವರು ನಾಡಿ ಹಿಡಿದು ನೋಡಿ, ಪಿಳ್ಳಪ್ಪನ ಮುಖ ನೋಡದೆ ತಲೆ ಆಡಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತೇ ಸಂಜೆ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದರು.

ಮೂರನೇ ದಿನ ಹಾಲು ತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಸಮಾಧಿಯ ಗುಡ್ಡೆಯ ಮೇಲೆ ಎಡೆಯಿಟ್ಟು, ಹಾಲು ತುಪ್ಪ ಬಿಟ್ಟು, ಕಾಗೆಗೆ ಕಾಯುವ ದಿನ. ಶಶಿರೇಖಾ ಬೆಳಿಗ್ಗೆಯಿಂದ ಅವರ ಮನೆಯ ಒಲೆಯ ಮುಂದೇ ಇದ್ದಳು. ಮುದ್ದೆ ತಿರುವಿದಳು, ಹುರುಳಿಕಾಳಿನ ಬಸ್ಸಾರು ಮಾಡಿದಳು. ತೋಟದ ಗಿಡದಿಂದ ತಾನೇ ನಾಲ್ಕು ಹಸಿಮೆಣಸಿನಕಾಯಿ ಬಿಡಿಸಿ ತಂದು, ಕಲ್ಲುಪ್ಪಿನ ಜೊತೆ ಬಾಳೆ ಎಲೆಯ ತುದಿಯಲ್ಲಿ ಇಟ್ಟಳು. ಅದಿಲ್ಲದೆ ದೊಡ್ಡಮ್ಮ ಉಂಡಾಳಾ?

ಗುಡ್ಡೆಯ ಹತ್ತಿರ ಪಿಳ್ಳಪ್ಪ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈ ಚಾಚಿ ಮೆಣಸಿನಕಾಯಿ ನಾಲ್ಕನ್ನೂ ಎತ್ತಿ ಬದುವಿನಾಚೆ ಎಸೆದ. ಬಸ್ಸಾರಿನ ಬಟ್ಟಲನ್ನೂ ಪಕ್ಕಕ್ಕೆ ಸರಿಸಿದ.

"ಖಾರ ಬ್ಯಾಡ. ಅವಳಿಗೆ ಎದೆಯುರಿ ಇತ್ತು."

ಮುನಿರಾಜ್ ಅವ್ವನ ಫೋನನ್ನ ಜೇಬಿನಿಂದ ತೆಗೆದ. "ಇದರಲ್ಲಿ ಎಲ್ಲಾ ಚೀಟಿ ಐತೆ ಶಶಿ ಅಕ್ಕಾ. ಹನ್ನೊಂದು ಸಲ ಡಾಕ್ಟ್ರಿಗೆ ತೋರ್ಸಿದ್ದೀರ. ನಮಗೆ ಒಂದು ಮಾತೂ ಹೇಳಿಲ್ಲ ನಮ್ಮವ್ವ."

"ಎಂಟು ತಿಂಗಳು" ಅಂದ ಪಿಳ್ಳಪ್ಪ. "ಎಂಟು ತಿಂಗಳು ಒಳಗೊಳಗೇ ಉರ್ಕೊಂಡು, ನನ್ನ ಮುಂದೆ ಮೆಣಸಿನಕಾಯಿ ಕಚ್ಚಿ ನಗ್ತಿದ್ಲಲ್ಲವ್ವಾ. ನಲವತ್ತು ವರ್ಷ ಒಂದೇ ತಟ್ಟೇಲಿ ಉಂಡೋರು ನಾವು. ನಂಗೆ ಯಾಕೆ ಹೇಳ್ಲಿಲ್ಲ? ನಾನು ಅಷ್ಟು ಕೆಟ್ಟೋನಾ?" ಶಶಿರೇಖಾಳ ಕಡೆ ತಿರುಗಿದ. "ನಿಂಗಾದ್ರೂ ಹೇಳ್ಕೊಂಡ್ಲಲ್ಲ. ಹೊಟ್ಟೇಲಿ ಹುಟ್ಟಿದ ಮಗಳಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಕಣವ್ವ."

ಆಗ ಶಶಿರೇಖಾ ಹೇಳಿಯೇಬಿಟ್ಟಳು. ತಡೆಯಲಾಗಲಿಲ್ಲ. ಹೆಂಡತಿಯನ್ನ ಕಳಕೊಂಡವನಿಂದ ಆ ನಲವತ್ತು ವರ್ಷವನ್ನೂ ಕಿತ್ತುಕೊಳ್ಳೋದಾ?

"ದೊಡ್ಡಪ್ಪಾ, ಅದೆಲ್ಲ ಸುಳ್ಳು. ದೊಡ್ಡಮ್ಮನಿಗೆ ಎದೆಯುರಿ ಇರಲೇ ಇಲ್ಲ. ನಾನೇ ಸುಮ್ಸುಮ್ನೆ ಬರೆದಿದ್ದು. ಅವರು ನಿಮ್ಮ ಹತ್ರ ಏನೂ ಮುಚ್ಚಿಟ್ಟಿಲ್ಲ."

ಪಿಳ್ಳಪ್ಪ ಅವಳನ್ನೇ ನೋಡಿದ. ಆಮೇಲೆ ಮಣ್ಣಾದ ಕೈಯನ್ನ ಅವಳ ತಲೆಯ ಮೇಲಿಟ್ಟ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡ ಮಗಳೇ. ಹನ್ನೊಂದು ಸಲ ಬರೆದೈತೆ. ಸರ್ಕಾರದ ಡಾಕ್ಟ್ರು ಸುಳ್ಳು ಬರೀತಾರಾ?"

ಸುತ್ತ ನಿಂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥಾ ಮನಸ್ಸು ನೋಡು ಶಶೀದು ಅಂದರು. ಎರಡನೇ ಸಲ ಹೇಳಬಹುದಿತ್ತು. ಬಿಡಿಸಿ ಹೇಳಬಹುದಿತ್ತು, ಗುರಿ, ಓಟಿಪಿ, ಕೆಂಪು ಬಣ್ಣ, ಟ್ಯಾಬಿನ ಮುಂದೆ ನುಂಗಿಕೊಂಡ ಮಾತು, ಎಲ್ಲ. ಶಶಿರೇಖಾ ಬಾಯಿ ತೆರೆದಳು. ತಲೆಯ ಮೇಲಿನ ಆ ಕೈ ಬೆಚ್ಚಗಿತ್ತು. ಬಚಾವಾದೆ ಅಂತ ಒಂದು ಗಳಿಗೆ ಮೈಯೆಲ್ಲ ಹಗುರವಾಯಿತು, ಹಗುರವಾದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಬಾಯಿ ಮುಚ್ಚಿಕೊಂಡಳು.

ಎಲ್ಲರೂ ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ಕಾಗೆ ಬರಲಿಕ್ಕಿಲ್ಲ ಅಂದುಕೊಂಡಳು ಶಶಿರೇಖಾ. ಬರಬಾರದು ಅಂತಲೇ ಬೇಡಿಕೊಂಡಳು. ಸಪ್ಪೆ ಮುದ್ದೆಯನ್ನ ದೊಡ್ಡಮ್ಮ ಮುಟ್ಟೋಳಲ್ಲ, ಇವರಿಗೆಲ್ಲ ಗೊತ್ತಾಗಲಿ ಅಂತ.

ಕಾಗೆ ತಕ್ಷಣ ಬಂತು. ಒಂದಲ್ಲ, ಮೂರು. ಮುದ್ದೆ ಕುಕ್ಕಿ ಕುಕ್ಕಿ ತಿಂದವು.

"ನೋಡಿದ್ರಾ" ಅಂದ ಪಿಳ್ಳಪ್ಪ, ಕಣ್ಣೊರೆಸಿಕೊಳ್ಳುತ್ತ. "ಖಾರ ತೆಗೆದಿದ್ದೇ ಒಳ್ಳೇದಾಯ್ತು."