ಚೀಟಿ ಕಳಚಿದ ಕಲ್ಲುಗಳು

ದಸರಾ ಊರಿಗೆಲ್ಲ ರಜೆ. ಯೋಗಾನರಸಿಂಹ ಮೇಷ್ಟ್ರಿಗೆ ಮಾತ್ರ ಸಜೆ. ಮಳವಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಆರು ವರ್ಷದಿಂದ ಹಂಗಾಮಿ ಮೇಷ್ಟ್ರಾಗಿದ್ದ ಅವನನ್ನು ಭೂಗರ್ಭಶಾಸ್ತ್ರದ ತರಬೇತಿಗೆಂದು ಮಂಡ್ಯಕ್ಕೆ ಕರೆಸಿದ್ದರು. ಮೈಸೂರಿನ ಪಂಡಿತರೊಬ್ಬರು ಬಂದು ಕಲ್ಲು, ಮಣ್ಣು, ಭೂಕಂಪ ಎಂದು ಬೋಧಿಸಿ ಹೋಗಿದ್ದರು. ಉಳಿದದ್ದು ಮಾದರಿ ಪಾಠ. ಇನ್ಸ್‌ಪೆಕ್ಟರ ಎದುರಿಗೆ, ನಿಜವಾದ ಮಕ್ಕಳಿಗೆ, ಕಲ್ಲುಗಳ ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಆ ಜಾಗಕ್ಕೆ ಬೇರೊಬ್ಬರು ಬರುತ್ತಾರೆ. ಇವನು ಹೆಂಡತಿ ಪದ್ಮಮ್ಮನನ್ನು ಕರೆದುಕೊಂಡು ಯಲಿಯೂರಿನ ಮಾವನ ಮನೆ ಸೇರಬೇಕು. ಮಾವ ಬಾಯಿಬಿಟ್ಟು ಏನೂ ಅನ್ನುವವರಲ್ಲ. ಊಟಕ್ಕೆ ಕೂತಾಗ ಎಲೆಯ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೇ. ಆ ನೋಟ ಬಿದ್ದ ಮೇಲೆ ಇವನು ಎರಡನೇ ಸಲ ಅನ್ನ ಕೇಳಿದ್ದೇ ಇಲ್ಲ.

ನಿಜ ಹೇಳಬೇಕೆಂದರೆ ಅವನು ಕಲಿತದ್ದು ಕಲ್ಲುಗಳನ್ನಲ್ಲ, ಅವುಗಳ ಮೇಲಿನ ಚೀಟಿಗಳನ್ನು. ಪಂಡಿತರು ಪ್ರತಿ ಕಲ್ಲಿಗೂ ಹೆಸರು ಬರೆದ ಚೀಟಿ ಅಂಟಿಸಿದ್ದರು. ಇವನು ಚೀಟಿ ಓದಿಕೊಂಡು, ಕಲ್ಲುಗಳನ್ನು ಸಾಲಾಗಿ ಜೋಡಿಸಿ, ಮಕ್ಕಳಿಗೂ ಆ ಸಾಲನ್ನೇ ಗಿಣಿಪಾಠ ಮಾಡಿಸಿದ್ದ. ಮೊದಲನೆಯದು ಬೆಣಚುಕಲ್ಲು, ಎರಡನೆಯದು ಬಳಪದ ಕಲ್ಲು, ಆಮೇಲೆ ಸುಣ್ಣಕಲ್ಲು, ಕೊನೆಗೆ ಕಾಗೆಬಂಗಾರ. ನಮ್ಮ ಮೇಷ್ಟ್ರುಗಳು ಇನ್ಸ್‌ಪೆಕ್ಟರು ಬರುವಾಗ ಮಾಡುತ್ತಿದ್ದದ್ದೇ ಹೀಗೆ. ಇವನೊಬ್ಬನನ್ನೇ ಬೈದು ಏನು ಫಲ?

ವಿಜಯದಶಮಿ ಕಳೆದ ಬೆಳಿಗ್ಗೆ ಬಂದು ನೋಡಿದರೆ ಕಲ್ಲುಗಳು ಪೆಟ್ಟಿಗೆಯಲ್ಲಿಲ್ಲ. ಮೇಜಿನ ಮೇಲೆ ಹರಿವಾಣದಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಿಂಬೆಹಣ್ಣುಗಳ ಮಧ್ಯೆ ಗುಡ್ಡೆಯಾಗಿ ಕೂತಿದ್ದವು. ಒಂದರ ಮೇಲೂ ಚೀಟಿ ಇರಲಿಲ್ಲ.

"ಆಯ್ದಪೂಜೆ ಅಲ್ವಾ ಸ್ವಾಮಿ," ಎಂದ ಸ್ಕೂಲಿನ ಜವಾನ ಮಾದಯ್ಯ. "ಗೋಳ, ನಕ್ಸೆ, ಗಂಟೆ ಎಲ್ಲಾದ್ಕೂ ಪೂಜೆ ಮಾಡಿ ಇವ್ನ ಮಾತ್ರ ಬುಡಕ್ಕಾಯ್ತದಾ? ಸಂದಾಗಿ ಉಜ್ಜಿ ತೊಳ್ದೆ. ಚೀಟಿ ಕಿತ್ಕಂಡ್ ಬಂದ್ವು. ಒಣಗಾಕಿವ್ನಿ, ತಕಳಿ. ಓದ್ದೋರು ನೀವು, ನೋಡ್ ನೋಡ್ಕಂಡ್ ಅಂಟುಸ್ಬುಡಿ."

ಚೀಟಿಗಳು ಅಂಗೈಯಲ್ಲಿದ್ದವು. ಯಾವುದನ್ನು ಯಾವುದಕ್ಕೆ ಅಂಟಿಸುವುದು? ಕಾಗೆಬಂಗಾರ ಮಿರಮಿರ ಮಿನುಗುತ್ತದೆ, ಅದು ಎಳೆಮಗುವಿಗೂ ಗೊತ್ತು. ಮಿಕ್ಕವೆಲ್ಲ ಅರಿಶಿನ ಮೆತ್ತಿಕೊಂಡ ಬಿಳಿಕಲ್ಲುಗಳು. ಯೋಗಾನರಸಿಂಹ ಒಂದನ್ನು ಪಂಚೆಗೆ ಉಜ್ಜಿ ನೋಡಿದ, ಗುರುತು ಸಿಗಲಿಲ್ಲ. ಅಷ್ಟರಲ್ಲಿ ಹೊರಗೆ ಇನ್ಸ್‌ಪೆಕ್ಟರ ಕೆಮ್ಮು ಕೇಳಿಸಿತು. ಚೀಟಿಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ.

ಸಾಲದ್ದಕ್ಕೆ ಅವತ್ತು ಕೋಣೆಯ ಬಾಗಿಲು ಬೇರೆ ಗಾಳಿಗೆ ಧಡಾರ್ ಧಡಾರ್ ಎಂದು ಬಡಿದುಕೊಳ್ಳುತ್ತಿತ್ತು. ತಮ್ಮ ಸರದಿಗೆ ಕಾದಿದ್ದ ಮೇಷ್ಟ್ರುಗಳು ಗೋಡೆಗೊರಗಿ ಕೂತಿದ್ದರು. ಇನ್ಸ್‌ಪೆಕ್ಟರು ಬಂದು ಕುರ್ಚಿಯಲ್ಲಿ ಕೂತ ಮೇಲೆ ಯೋಗಾನರಸಿಂಹ ಕೈಗೆ ಸಿಕ್ಕಿದ ಕಲ್ಲೊಂದನ್ನು ಎತ್ತಿ, "ಇದೇನು ಮಕ್ಕಳೇ?" ಎಂದ.

"ಬೆಣಚುಕಲ್ಲು ಸಾ!" ಮಕ್ಕಳು ಒಕ್ಕೊರಲಿನಿಂದ ಕೂಗಿದವು. ಕೈಯಲ್ಲಿದ್ದದ್ದು ಕಾಗೆಬಂಗಾರ.

ಇನ್ಸ್‌ಪೆಕ್ಟರ ಹುಬ್ಬು ಮೇಲೇರಿತು. ಮುಂದಿನ ಸಾಲಿನಿಂದ ಚಿಕ್ಕಬೋರಮ್ಮ ಎನ್ನುವ ಹುಡುಗಿ ಎದ್ದು ನಿಂತು, "ಸಾ, ನಂಗೆ ಮೂರ್ನೇದು ಕೊಟ್ಟಿದ್ರಲ್ಲಾ, ಈಗ್ಲೇ ಯೋಳ್ಲಾ?" ಎಂದಳು.

ಆಯಿತು, ಮಾನ ಹರಾಜಾಯಿತು. ಯಲಿಯೂರಿನ ಊಟದೆಲೆ ಕಣ್ಣೆದುರಿಗೇ ಬಂತು. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಅವನಿಗೆ ವೆಂಕಟರಮಣನ ಬದಲು ಪಂಡಿತರ ಮಾತು ನೆನಪಾಯಿತು. ಕಲ್ಲನ್ನು ಕಣ್ಣಿನಿಂದ ನಂಬಬೇಡಿ, ಕೆರೆದು ನೋಡಿ, ಹುಳಿ ಹಾಕಿ ನೋಡಿ ಎಂದಿದ್ದರು. ಅವತ್ತು ಇವನು ತೂಕಡಿಸುತ್ತ ಕೇಳಿದ್ದ ಮಾತು.

"ಕೊಟ್ಟದ್ದನ್ನೆಲ್ಲ ಮರೆತುಬಿಡಿ," ಎಂದ. "ಯಾವುದು ಏನು ಅಂತ ಈಗ ಹುಡುಕೋಣ. ಮುಂದಕ್ಕೆ ಬನ್ನಿ."

ಮಕ್ಕಳು ಹರಿವಾಣದ ಸುತ್ತ ಮುತ್ತಿಕೊಂಡವು. ಒಂದು ಕಲ್ಲು ಮಸಿಕುಡಿಕೆಯ ಗಾಜಿನ ಮೇಲೆ ಕರಕರ ಎಂದು ಗೀರು ಎಳೆಯಿತು, ಅದು ಬೆಣಚುಕಲ್ಲು. ಇನ್ನೊಂದು ಉಗುರಿಗೇ ಸವೆದು, ಸ್ಲೇಟಿನ ಮೇಲೆ ಬೆಳ್ಳಗೆ ಬರೆಯಿತು. ಅದೇ ಬಳಪದ ಕಲ್ಲು. ಮೂರನೆಯದನ್ನು ಮೊಳೆಯಿಂದ ಕೆರೆದು, ಪೂಜೆಯ ನಿಂಬೆಹಣ್ಣು ಕುಯ್ದು ಹಿಂಡಿದಾಗ ಪುಡಿಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. "ನೊರೆ ಬತ್ತಾ ಅದೆ ಕಣ್ರಲಾ!" ಎಂದು ಚಿಕ್ಕಬೋರಮ್ಮ ಕುಣಿದಳು. ಸುಣ್ಣಕಲ್ಲೂ ಸಿಕ್ಕಿತು. ಯೋಗಾನರಸಿಂಹನಿಗೆ ಹೋದ ಜೀವ ಬಂದಂತಾಯಿತು.

ಆದರೆ ಹರಿವಾಣದಲ್ಲಿ ಇನ್ನೂ ಒಂದು ಬಿಳಿಕಲ್ಲು ಉಳಿದಿತ್ತು. ಅವನ ಜೇಬಿನಲ್ಲಿ ಅದರ ಚೀಟಿ ಇಲ್ಲ, ನೆನಪಿನಲ್ಲಿ ಅದರ ಹೆಸರಿಲ್ಲ.

ಇನ್ಸ್‌ಪೆಕ್ಟರು ಎದ್ದು ಬಂದು ಅದನ್ನು ಕೈಗೆತ್ತಿಕೊಂಡರು. "ಇದನ್ಯಾಕ್ರೀ ಬಿಟ್ಟಿರಿ? ಅಮೃತಶಿಲೆ ಅಲ್ಲವೇನ್ರೀ ಇದು?"

ಹೂಂ ಎಂದರೆ ಮುಗಿಯಿತು. ಕೇಳಿದವರೇ ಉತ್ತರವನ್ನೂ ಕೊಟ್ಟಿದ್ದಾರೆ. ಗೋಡೆಯ ಬಳಿಯ ಮೇಷ್ಟ್ರುಗಳೆಲ್ಲ ಆಗಲೇ ತಲೆಯಾಡಿಸುತ್ತಿದ್ದರು. ಇವನ ತಲೆಯೂ ಇನ್ನೇನು ಆಡಬೇಕು, ಮಕ್ಕಳು ಇವನ ಮುಖವನ್ನೇ ನೋಡುತ್ತಿದ್ದವು.

"ಗೊತ್ತಿಲ್ಲ ಸ್ವಾಮಿ," ಎಂದುಬಿಟ್ಟ.

"ಗೊತ್ತಿಲ್ಲವೇ? ಮಕ್ಕಳ ಮುಂದೆ ಹೀಗಂದರೆ ನಾಳೆ ಇವರು ನಿಮ್ಮನ್ನ ಮೇಷ್ಟ್ರು ಅಂತಾರೇನ್ರೀ?"

ಬಾಗಿಲು ಧಡಾರ್ ಎಂದಿತು. ಆ ಸದ್ದು ಅಡಗುವ ಮೊದಲೇ ಚಿಕ್ಕಬೋರಮ್ಮ ಉಳಿದ ಹೋಳನ್ನು ಮುಂದೆ ಚಾಚಿದಳು. "ಅದ್ಕೂ ನಿಂಬೆಹಣ್ ಇಂಡ್ಬುಡಿ ಸಾ. ಗೊತ್ತಾಯ್ತದೆ."

ಕೆರೆದು ಹಿಂಡಿದ. ಎಲ್ಲರೂ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಯೋಗಾನರಸಿಂಹ ಕಲ್ಲನ್ನು ಇನ್ಸ್‌ಪೆಕ್ಟರ ಮುಂದೆ ಹಿಡಿದ. "ಅಮೃತಶಿಲೆ ಸುಣ್ಣಕಲ್ಲಿನ ಕುಲದ್ದು ಸ್ವಾಮಿ. ಹುಳಿ ಬಿದ್ದರೆ ನೊರೆ ಬರಬೇಕು. ಇದು ಏನೋ ನಾನು ಕಾಣೆ. ಅಮೃತಶಿಲೆ ಅಂತೂ ಅಲ್ಲ."

ಗೋಡೆಯ ಬಳಿ ತಲೆಗಳು ಆಡುವುದನ್ನು ನಿಲ್ಲಿಸಿದವು. ಇನ್ಸ್‌ಪೆಕ್ಟರು ಹೋಳನ್ನು ಕಿತ್ತುಕೊಂಡು ತಾವೇ ಹಿಂಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕಲ್ಲು ಸುಮ್ಮನೆ ಒದ್ದೆಯಾಗಿತ್ತು. ಅವರು ಕುರ್ಚಿಗೆ ಹೋಗಿ ಪೆನ್ನು ತೆಗೆದರು. ಅವರು ಬರೆದು ಮುಗಿಸುವವರೆಗೆ ಇವನು ಹಿಂಡಿದ ನಿಂಬೆಸಿಪ್ಪೆಗಳನ್ನು ಆರಿಸಿ ಹರಿವಾಣಕ್ಕೆ ಹಾಕುತ್ತಿದ್ದ.

"ನಿಮ್ಮನ್ನ ಖಾಯಂ ಮಾಡೋದಕ್ಕೆ ಬರೆದಿದೀನಿ," ಎಂದರು, ತಲೆಯೆತ್ತದೆ. "ನಿಮ್ಮ ಜೇಬಿಂದ ಇಣುಕ್ತಿರೋ ಆ ಚೀಟಿಗಳನ್ನ ಇಲ್ಲಿ ಕೊಡಿ. ಮಿಕ್ಕವರ ಪಾಠವೂ ಹೀಗೇ ನಡೀಲಿ."

ಗೋಡೆಯ ಬಳಿಯ ಮುಖಗಳು ಬಿಳಿಚಿಕೊಂಡವು. ಯೋಗಾನರಸಿಂಹನಿಗೆ ಅಳು ಬಂತು. ಮಕ್ಕಳೆದುರು ಅಳಬಾರದೆಂದು ಹರಿವಾಣದ ಕಡೆ ತಿರುಗಿ ನಿಂತ.

ಆಗ ಮಾದಯ್ಯ ಒಳಗೆ ಬಂದು ಕೈಚಾಚಿದ.

"ಪಾಠ ಆಯ್ತಲ್ಲ ಸ್ವಾಮಿ, ಆ ಕಲ್ಲು ಇತ್ಲಾಗ್ ಕೊಡಿ. ಬಾಗ್ಲುಗೆ ಅಡ್ಡ ಕೊಡೋ ಕಲ್ಲದು, ಪೂಜೆಗೆ ಅಂತ ಮಡ್ಗಿದ್ದೆ. ಬೆಳಿಗ್ಗಿಂದ ಒಂದೇ ಸಮ ಬಡ್ಕತಾ ಅದೆ."