ಭರಣಿಯ ಅಂಚಿನ ನೀರು

ಚಿಕ್ಕ ಭರಣಿಯನ್ನು ಹುಯಿಲಾನ್ ಕುದಿಯುವ ನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಆದರೂ ಕಾರು ಹತ್ತುವ ಮುಂಚೆ ತಾಯಿ ಗ್ವೇಬಿ ಮತ್ತೆ ಮತ್ತೆ ಕೇಳಿದಳು, ಒಳಗೆ ಎಣ್ಣೆ ಪಸೆ ಇಲ್ಲ ತಾನೆ ಎಂದು. ಒಂದು ಹನಿ ಎಣ್ಣೆ ತಾಕಿದರೂ ಉಪ್ಪಿನಕಾಯಿಯ ನೀರು ಕೆಟ್ಟುಹೋಗುತ್ತದೆ.

ಹುಯಿಲಾನಳ ಮಗಳು ಯಾಲಿನ್‌ಗೆ ಮುಂದಿನ ತಿಂಗಳು ಮದುವೆ. ಅವರ ಊರಿನಲ್ಲಿ, ಮದುವೆಯಾಗಿ ಹೋಗುವ ಹೆಣ್ಣು ತವರಿನ ಭರಣಿಯಿಂದ ಒಂದು ಬಟ್ಟಲು ಹಳೆಯ ಉಪ್ಪುನೀರು ಒಯ್ಯುವುದು ರೂಢಿ. ಮೊಸರಿಗೆ ಹೆಪ್ಪು ಹೇಗೋ ಹಾಗೆ ಅದು. ಹೊಸ ಮನೆಯ ಭರಣಿಗೆ ಆ ಬಟ್ಟಲು ನೀರು ಬಿದ್ದರೆ ಮೂಲಂಗಿ, ಶುಂಠಿ, ಅಲಸಂದೆ ಕಾಯಿ, ಮೆಣಸಿನಕಾಯಿ ಯಾವುದನ್ನು ಮುಳುಗಿಸಿದರೂ ಅಜ್ಜಿಯ ಮನೆಯ ರುಚಿಯೇ ಬರುತ್ತದೆ. ಗ್ವೇಬಿ ತನ್ನ ತಾಯಿಯಿಂದ ತಂದಿದ್ದಳು, ಆ ತಾಯಿ ಅವಳ ತಾಯಿಯಿಂದ. ಹುಯಿಲಾನ್ ಮಾತ್ರ ತನ್ನ ಮದುವೆಯಲ್ಲಿ ಒಯ್ದಿರಲಿಲ್ಲ. ಪಟ್ಟಣದ ಬಾಡಿಗೆ ಕೋಣೆಯಲ್ಲಿ ಒಲೆ ಇಡಲಿಕ್ಕೇ ಜಾಗವಿರಲಿಲ್ಲ, ಮೇಲಾಗಿ ಮನಸ್ಸಾದಾಗ ಊರಿಗೆ ಹೋಗಿ ಅಮ್ಮನ ಭರಣಿಯಿಂದಲೇ ತಂದರಾಯಿತು ಎಂದುಕೊಂಡಿದ್ದಳು.

ಈಗ ಊರೇ ಇಲ್ಲ. ಮನೆಗಳನ್ನೆಲ್ಲ ಕೆಡವಿ ಹೊಲ ಮಾಡಿದರು, ಜನರನ್ನು ಪಟ್ಟಣದ ಅಂಚಿನ ಎತ್ತರದ ಕಟ್ಟಡಗಳಿಗೆ ಸಾಗಿಸಿದರು. ಉಳಿದದ್ದು ಹಳೆಯ ಶಾಲೆಯೊಂದೇ, ಅದನ್ನು ಊರಿನ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮನೆ ಖಾಲಿ ಮಾಡುವ ಹೊತ್ತಿಗೆ ಗ್ವೇಬಿ ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿದ್ದಳು. ಹಳೆಯ ಸಾಮಾನು ಕೇಳಿಕೊಂಡು ಲಾರಿ ಬಂದಾಗ ಹುಯಿಲಾನ್ ದೊಡ್ಡ ಭರಣಿಯನ್ನು ತುಂಬಿದ ನೀರಿನ ಸಮೇತ, ಮೂಲಂಗಿಯ ಸಮೇತ ಕೊಟ್ಟಿದ್ದಳು. ಸರ್ಕಾರದವರು ಜೋಪಾನ ಮಾಡುತ್ತಾರೆ ಎಂದರೆ ಇದ್ದದ್ದನ್ನು ಇದ್ದ ಹಾಗೆ ಕಾಯುತ್ತಾರೆ ಎಂದೇ ಅವಳು ತಿಳಿದಿದ್ದು. ಅಂಚಿನ ನೀರು ಒಣಗದಂತೆ ನೋಡಿಕೊಳ್ಳಿ ಎಂದು ಲಾರಿಯವರಿಗೆ ಹೇಳಿದ್ದಳು. ಭರಣಿಯ ಕುತ್ತಿಗೆಯ ಸುತ್ತ ಒಂದು ಬಟ್ಟಲಿನಂಥ ಅಂಚಿರುತ್ತದೆ, ಅದರಲ್ಲಿ ನೀರು ನಿಂತಿದ್ದು ಮುಚ್ಚಳ ಅದರೊಳಗೆ ಕೂತರೆ ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಆಗಲಿ ಅಕ್ಕ, ಆಗಲಿ ಎಂದು ಅವರು ತಲೆ ಆಡಿಸಿದ್ದರು.

ಅಂದಿನಿಂದ ಗ್ವೇಬಿ ದಿನಾ ಸಂಜೆ ಕೇಳುತ್ತಿದ್ದಳು, ನೀರು ಹಾಕಿದರಂತಾ ಎಂದು. ಹಾಕಿದ್ದಾರಮ್ಮ ಎಂದು ಹುಯಿಲಾನ್ ಅಕ್ಕಿ ತೊಳೆಯುತ್ತಲೇ ಹೇಳುತ್ತಿದ್ದಳು. ಅದು ಸುಳ್ಳು ಎಂದು ಅವಳಿಗೂ ಅನ್ನಿಸಿರಲಿಲ್ಲ.

ಕಾರು ಓಡಿಸುತ್ತಿದ್ದವಳು ಯಾಲಿನ್. ಸಂಗ್ರಹಾಲಯದ ದಾರಿಯುದ್ದಕ್ಕೂ ಅಜ್ಜಿಯನ್ನು ಕೆಣಕುತ್ತಲೇ ಬಂದಳು. ಗಂಡನ ಮನೆಗೆ ಬೇರೆಯವರು ಚಿನ್ನ ಒಯ್ಯುತ್ತಾರೆ, ನಾನು ನಾರುವ ನೀರು ಒಯ್ಯುತ್ತೇನೆ ಎಂದಳು.

"ಚಿನ್ನ ಕಚ್ಕೊಂಡು ಗಂಜಿ ಕುಡೀತೀಯಾ?" ಎಂದಳು ಗ್ವೇಬಿ. ಅವಳ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿದ್ದರೂ ಮಾತಿನ ಮೊನೆ ಮೊಂಡಾಗಿರಲಿಲ್ಲ.

ಸಂಗ್ರಹಾಲಯ ನೋಡಿಕೊಳ್ಳುವವಳು ರುಯಿಫಾಂಗ್, ಅದೇ ಊರಿನ ಹೆಂಗಸು, ಹಿಂದೆ ಗ್ವೇಬಿಯ ಮನೆಯ ಕೆಳಗಿನ ಓಣಿಯಲ್ಲಿದ್ದವಳು. ಗಾಲಿಕುರ್ಚಿ ಕಂಡದ್ದೇ ಓಡಿಬಂದಳು. ಅತ್ತೆ, ನೀವು ಬರ್ತೀರಿ ಅಂತ ಗೊತ್ತಿದ್ರೆ ಮೊಟ್ಟೆ ಬೇಯಿಸಿ ಇಡ್ತಿದ್ದೆನಲ್ಲ ಎಂದು ಕೈ ಹಿಡಿದುಕೊಂಡಳು.

ಒಳಗೆ ಹೋದಂತೆ ಊರು ಒಂದೊಂದಾಗಿ ಎದುರಾಯಿತು. ಭತ್ತ ತೂರುವ ಮರದ ಯಂತ್ರ, ಮಗುವನ್ನು ಬೆನ್ನಿಗೆ ಹೊರುವ ಬಿದಿರು ಬುಟ್ಟಿ, ಹೂವಿನ ಚಿತ್ರದ ಮುಖ ತೊಳೆಯುವ ಬೋಗುಣಿ, ಬೆಳಗಾಗುತ್ತಲೇ ಕೂಗುತ್ತಿದ್ದ ಊರಿನ ಧ್ವನಿವರ್ಧಕ. ಅದನ್ನು ನೋಡಿ ಗ್ವೇಬಿ, "ಇದು ಬಾಯಿ ಮುಚ್ಚಿದ್ದನ್ನ ಇವತ್ತೇ ನೋಡಿದ್ದು" ಎಂದಳು. ಪಕ್ಕದಲ್ಲಿ ಒಬ್ಬ ಮುದುಕ ಕಾವಲಿನ ಹಗ್ಗದಾಚೆಗಿದ್ದ ಗುದ್ದಲಿಯನ್ನು ತೋರಿಸಿ, ಅದು ತನ್ನದು, ಬಾಲ್ಕನಿಯ ಕುಂಡ ಕೆದಕಲು ಒಂದು ದಿನಕ್ಕೆ ಕೊಡಿ ಎಂದು ರುಯಿಫಾಂಗಳನ್ನು ಕಾಡಿದ. ದಿನಾ ಬಂದು ಕೇಳುತ್ತಾನಂತೆ. ದಿನಾ ಇಲ್ಲ ಅನ್ನುವುದೇ ತನ್ನ ಕೆಲಸವಾಗಿದೆ ಎಂದಳು ಅವಳು.

ಬಿದಿರು ಬುಟ್ಟಿಯ ಮುಂದೆ ಹುಯಿಲಾನ್ ಸ್ವಲ್ಪ ನಿಂತಳು. ಅಮ್ಮನ ಬೆನ್ನಿನ ಬಿಸಿ, ಕೂದಲಿನ ಬೆವರು, ಅಮ್ಮ ಭರಣಿಯ ಮುಂದೆ ಬಗ್ಗಿದಾಗ ತಾನೂ ಬುಟ್ಟಿಯ ಜೊತೆ ಬಗ್ಗಿ, ಹುಳಿಯ ವಾಸನೆಗೆ ಬಾಯಲ್ಲಿ ನೀರೂರಿದ್ದು, ಎಲ್ಲ ಒಮ್ಮೆಗೇ ನುಗ್ಗಿ ಬಂತು.

ಭರಣಿ ಕೊನೆಯ ಕೋಣೆಯಲ್ಲಿತ್ತು. ಮರದ ಪೀಠದ ಮೇಲೆ, ದೀಪದ ಕೆಳಗೆ, ಗ್ವೇಬಿಯ ಹೆಸರಿನ ಫಲಕದೊಂದಿಗೆ. ಭರಣಿಯ ಹೊಟ್ಟೆ ಮಿರಿಮಿರಿ ಮಿಂಚುತ್ತಿತ್ತು.

"ಎಷ್ಟು ಹೊಳೀತಿದೆ ನೋಡಿ ಅತ್ತೆ" ಎಂದು ರುಯಿಫಾಂಗ್ ಹೆಮ್ಮೆಯಿಂದ ಅಂದಳು.

ಗ್ವೇಬಿಗೆ ಹೊಳಪು ಕಾಣಲಿಲ್ಲ, ಅಂಚು ಕಂಡಿತು. "ನೀರೆಲ್ಲಿ? ಒಣಗಿದೆಯಲ್ಲೇ ಹುಡುಗಿ" ಎಂದಳು.

ಈ ಬಿಸಿಲಿಗೆ ಬೇಗ ಆರಿಹೋಗುತ್ತದಮ್ಮ, ಈಗ ಹಾಕೋಣ ಎಂದು ಹುಯಿಲಾನ್ ಮಾತು ತೇಲಿಸಿದಳು. ಆದರೆ ಅಂಚು ಇವತ್ತು ನಿನ್ನೆ ಒಣಗಿದ್ದಲ್ಲ. ಅದರಲ್ಲಿ ಧೂಳು ಕೂತಿತ್ತು.

ಗ್ವೇಬಿ ಸರಿಯಿದ್ದ ಕೈಯನ್ನು ಸೆರಗಿನಂತೆ ಹೊದ್ದ ಶಾಲಿನೊಳಗೆ ಎಳೆದುಕೊಂಡಳು. ಕಾಯಿಲೆ ಬಿದ್ದವರ ಕೈ ಭರಣಿಗೆ ಸೋಕಬಾರದು, ಸೋಕಿದರೆ ನೀರಿನ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ ಎಂಬುದು ಅವಳು ಹಿಡಿದುಕೊಂಡು ಬಂದ ನೇಮ. "ನೀನೇ ತೆಗಿ. ಕೈ ಒರೆಸ್ಕೊಂಡು ತೆಗಿ" ಎಂದಳು.

ಹುಯಿಲಾನ್ ಹಗ್ಗ ದಾಟಿ ಮುಚ್ಚಳ ಎತ್ತಿದಳು. ಮೊದಲು ಬಂದದ್ದು ಮೆರುಗೆಣ್ಣೆಯ ವಾಸನೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ತಳ ಕಾಣಿಸಿತು. ಸೂರ್ಯಕಾಂತಿ ಬೀಜದ ಸಿಪ್ಪೆ, ಮಿಠಾಯಿಯ ಒಂದು ಕಾಗದ. ಬೇರೇನೂ ಇಲ್ಲ.

ತಲೆಯೆತ್ತಿ ಅವಳು ರುಯಿಫಾಂಗಳನ್ನು ನೋಡಿದಳು. ರುಯಿಫಾಂಗ್ ಹತ್ತಿರ ಬಂದು, ತಾನೇ ಸೋಪು ಹಾಕಿ ಉಜ್ಜಿದ್ದು, ಒಳಗಿನ ಕೊಳಕೆಲ್ಲ ಚರಂಡಿಗೆ ಚೆಲ್ಲಿದ್ದು, ವಾಸನೆ ಹೋಗಲಿ ಎಂದು ದಿನಗಟ್ಟಲೆ ಬಿಸಿಲಿಗಿಟ್ಟಿದ್ದು, ಎಲ್ಲವನ್ನೂ ಅತ್ತೆಗೆ ಮುಜುಗರವಾಗದಂತೆ ಪಿಸುದನಿಯಲ್ಲಿ, ಆದರೂ ಸಡಗರದಿಂದ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಹುಯಿಲಾನಳ ಕಂಕುಳಲ್ಲಿದ್ದ ಚಿಕ್ಕ ಭರಣಿಯ ಮೇಲೆ, ಅದರ ಕೆಂಪು ಬಟ್ಟೆಯ ಮೇಲೆ ಬಿತ್ತು. ಮಾತು ಅಲ್ಲೇ ನಿಂತಿತು. ಅವಳೂ ಅದೇ ಊರಿನ ಹೆಣ್ಣು.

ಯಾರನ್ನು ಬೈಯುವುದು? ಕೊಟ್ಟವಳು ಜೋಪಾನವಾಗಿರಲಿ ಎಂದು ಕೊಟ್ಟಳು. ತೊಳೆದವಳು ಚೆನ್ನಾಗಿರಲಿ ಎಂದು ತೊಳೆದಳು.

ನಿಮ್ಮ ಮನೆಯಲ್ಲಿ ಅಮ್ಮ ಕೊಟ್ಟ ನೀರಿರಬೇಕಲ್ಲ, ಓಣಿಯವರಿಗೆಲ್ಲ ಕೊಡುತ್ತಿದ್ದಳಲ್ಲ ಎಂದು ಹುಯಿಲಾನ್ ತುಟಿಯಷ್ಟೇ ಆಡಿಸಿ ಕೇಳಿದಳು. ರುಯಿಫಾಂಗ್ ತಲೆ ಅಲ್ಲಾಡಿಸಿದಳು. ಹತ್ತನೇ ಮಹಡಿಗೆ ಯಾರು ಹೊತ್ತರು ಭರಣಿ? ಈಗ ಎಲ್ಲರದೂ ಅಂಗಡಿಯ ಪೊಟ್ಟಣ.

"ಹೇಗಿದೆ? ಬೂಷ್ಟು ಕಟ್ಟಿದೆಯಾ?" ಎಂದು ಹಿಂದಿನಿಂದ ಗ್ವೇಬಿ ಕೇಳಿದಳು.

ಹುಯಿಲಾನಳ ಬೆನ್ನು ತಾಯಿಯ ಕಡೆಗಿತ್ತು. ಅದೊಂದೇ ಅವಳಿಗಿದ್ದ ಅನುಕೂಲ.

"ತಿಳಿಯಾಗಿದೆಯಮ್ಮ" ಎಂದಳು.

"ಹಾಗಾದ್ರೆ ಬೇಗ ತುಂಬು. ಒಳಗೆ ಗಾಳಿ ಹೋಗುತ್ತೆ."

ಹುಯಿಲಾನ್ ಭರಣಿಯ ಮೇಲೆ ಬಗ್ಗಿ, ಚಿಕ್ಕ ಭರಣಿಯ ಕೆಂಪು ಬಟ್ಟೆ ಬಿಚ್ಚಿದಳು. ಆಗ ರುಯಿಫಾಂಗ್ ಅವಳ ಬೆನ್ನ ಮರೆಯಲ್ಲಿ ತನ್ನ ಕುಡಿಯುವ ನೀರಿನ ಫ್ಲಾಸ್ಕನ್ನು ಪೀಠದ ಮೇಲಿಟ್ಟಳು. ಕುದಿಸಿ ಆರಿಸಿದ ನೀರು. ಹುಯಿಲಾನ್ ಅದನ್ನು ಚಿಕ್ಕ ಭರಣಿಗೆ ಬಗ್ಗಿಸಿದಳು. ನೀರು ಗುಳುಗುಳು ಸದ್ದು ಮಾಡುತ್ತಾ ಇಳಿಯಿತು. ಆ ಸದ್ದಿಗೆ ಗ್ವೇಬಿ ಕಣ್ಣು ಮುಚ್ಚಿ, ಸೊಟ್ಟ ಬಾಯಿಯಲ್ಲೇ ನಕ್ಕಳು.

ಯಾಲಿನ್ ಅಜ್ಜಿಯ ಕುರ್ಚಿಯ ಹಿಂದೆ ನಿಂತಿದ್ದಳು. ಅವಳಿಗೆ ಫ್ಲಾಸ್ಕ್ ಕಂಡಿತ್ತು.

"ದೊಡ್ಡದರ ಅಂಚಿಗೂ ಹಾಕು. ಹಾಗೇ ಬಿಟ್ಟು ಬರಬೇಡ" ಎಂದಳು ಗ್ವೇಬಿ.

ಉಳಿದ ನೀರನ್ನು ಹುಯಿಲಾನ್ ಖಾಲಿ ಭರಣಿಯ ಅಂಚಿಗೆ ಸುತ್ತಲೂ ಹೊಯ್ದು ಮುಚ್ಚಳ ಕೂರಿಸಿದಳು. ಧೂಳು ಮೇಲೆ ತೇಲಿತು. ಹೊರಡುವಾಗ ಗ್ವೇಬಿ ರುಯಿಫಾಂಗಳ ಕೈ ಹಿಡಿದು, ದಿನಾ ಬೆಳಿಗ್ಗೆ ಒಂದು ಲೋಟ ಹಾಕು, ನಿನಗೂ ಒಂದು ಬಟ್ಟಲು ತಗೋ, ಬೇಡ ಅನ್ನುವುದಿಲ್ಲ ನಾನು ಎಂದಳು. ಹಾಕ್ತೀನಿ ಅತ್ತೆ ಎಂದ ರುಯಿಫಾಂಗ್ ಅವರನ್ನು ಬೀಳ್ಕೊಡಲು ಗೇಟಿನವರೆಗೆ ಬರಲಿಲ್ಲ. ಗುದ್ದಲಿಯ ಮುದುಕ ಮಾತ್ರ ಬಂದ.

ಕಾರು ಹೊರಟಿತು. ದಾರಿಯ ಎರಡೂ ಕಡೆ ಊರಿದ್ದ ಜಾಗದಲ್ಲಿ ಸಾಸಿವೆಯ ಸಾಲು. ಯಾಲಿನ್ ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದಳು, ಮತ್ತೆ ದಾರಿಯತ್ತ ತಿರುಗಿಕೊಂಡಳು.

"ಅಜ್ಜಿ, ಇದಕ್ಕೆ ದಿನಾ ಏನೇನು ಮಾಡ್ಬೇಕು? ಸರಿಯಾಗಿ ಹೇಳ್ಕೊಡು" ಎಂದಳು.

ಗ್ವೇಬಿ ಹೇಳತೊಡಗಿದಳು. ಉಪ್ಪಿನಕಾಯಿ ತೆಗೆಯಲು ಬೇರೆಯೇ ಊಟದ ಕಡ್ಡಿ ಇಡಬೇಕು. ಬೂಷ್ಟು ಬಂದರೆ ಗಾಬರಿಯಾಗದೆ ಒಂದು ಗುಟುಕು ಸಾರಾಯಿ ಸುರಿಯಬೇಕು. ತಿನ್ನುವವರಿಲ್ಲದಿದ್ದರೂ ಏನಾದರೂ ಒಂದು ತರಕಾರಿ ಹಾಕುತ್ತಲೇ ಇರಬೇಕು, ಹಸಿವಿಗೆ ಬಿಟ್ಟರೆ ಅದು ಸಾಯುತ್ತದೆ. ಯಾಲಿನ್ ಪ್ರತಿ ಮಾತಿಗೂ ಹೂಂ ಹೂಂ ಎಂದಳು. ನಡುವೆ ಒಮ್ಮೆ ಮೂಗು ಒರೆಸಿಕೊಂಡಳು.

ತಿರುವಿನಲ್ಲಿ ಕಾರು ವಾಲಿತು. ಗ್ವೇಬಿ ಮಾತು ನಿಲ್ಲಿಸಿ ಪಕ್ಕಕ್ಕೆ ತಿರುಗಿದಳು.

"ನೆಟ್ಟಗೆ ಹಿಡ್ಕೊಳ್ಳೇ. ಚೆಲ್ಲಿದ್ರೆ ಮತ್ತೆಲ್ಲಿಂದ ತರ್ತೀಯಾ?"

ಹುಯಿಲಾನ್ ಭರಣಿಯನ್ನು ಎರಡೂ ತೋಳಲ್ಲಿ ಎದೆಗೆ ಒತ್ತಿಕೊಂಡಳು. ಮನೆಯವರೆಗೂ, ಒಂದೊಂದು ತಿರುವಿಗೂ, ಅಲುಗದ ಹಾಗೆ ಹಿಡಿದುಕೊಂಡೇ ಕೂತಿದ್ದಳು.