ಹಗಲು ಹಚ್ಚಿದ ದೀಪ

ಉಸಿರು ಎಳೆದುಕೊಳ್ಳುವಾಗ ಗೋಡೆ ಬರೆಯಬೇಕು, ಬಿಡುವಾಗ ದೀಪ. ಹಾಲಿಸ್‌ಗೆ ಎರಡನೆಯ ಮನೆಯಲ್ಲೇ ತಾಳ ತಪ್ಪಿತು. ಗೋಡೆ ಏಳುವ ಮೊದಲೇ ಉಸಿರು ಹೊರಟುಹೋಗಿತ್ತು.

"ಇಲ್ಲಿ ತಪ್ಪು ಅನ್ನೋದೇ ಇಲ್ಲ," ಎಂದಳು ಚಿತ್ರ ಕಲಿಸುವ ಗ್ವೆನ್, ಲೈಬ್ರರಿಯ ನೆಲಮಾಳಿಗೆಯಲ್ಲಿ ಮೇಜಿನಿಂದ ಮೇಜಿಗೆ ಬೆಕ್ಕಿನ ಹೆಜ್ಜೆಯಲ್ಲಿ ಸುತ್ತುತ್ತ. ಅವಳ ಕಿವಿಗಳಲ್ಲಿ ಪ್ಲಾಸ್ಟಿಕ್ ಬಾವಲಿಗಳು ತೂಗುತ್ತಿದ್ದವು. "ಕಪ್ಪು ಕಾಗದ ಅಂದ್ರೆ ಹ್ಯಾಲೋವೀನ್ ರಾತ್ರಿ. ನಿಮಗೆ ಗೊತ್ತಿರೋ ಒಂದು ಬೀದಿ ಬರೀರಿ. ಅವಸರ ಬೇಡ. ಮನಸ್ಸು ಹಗುರ ಆಗ್ಲಿ."

ಹಗುರವಾಗಲು ಹನ್ನೆರಡು ಜನ ಹೆಸರು ಬರೆಸಿ ಬಂದಿದ್ದರು. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುವ ಹಾಲಿಸ್ ಬಂದದ್ದು ಮಗಳಿಗಾಗಿ. ಶನಿವಾರ ಮಧ್ಯಾಹ್ನ ಎರಡೂವರೆಯ ತನಕ ಒಂಬತ್ತು ವರ್ಷದ ಟಿಲ್ಲಿ ಅವನವಳು. ಆಮೇಲೆ ಅವಳಮ್ಮನ ಕಾರು ಬರುತ್ತದೆ.

ಅವನಿಗೆ ಒಂದೇ ಒಂದು ಮಾತು ಕೇಳಬೇಕಿತ್ತು: ಇವತ್ತು ಸಂಜೆ ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳೋಕೆ ಹೋಗುವಾಗ ನಮ್ಮ ಮನೆಗೂ ಬರ್ತೀಯಾ? ಬೆಳಗಿನಿಂದ ಆ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಕಾಲುಚೀಲದ ವಿಷಯ ಮಾತಾಡಿದ್ದ.

"ಅಪ್ಪ, ಕುದುರೆ ಥರ ಉಸಿರು ಬಿಡ್ತಿದೀಯ."

"ತತ್ವಜ್ಞಾನಿಗಳು ಬಿಡೋದೇ ಹಾಗೆ."

"ಅದಕ್ಕೇ ನಿನ್ನ ಮನೆಗಳೆಲ್ಲ ವಾಲಿವೆ."

ಅವಳ ಮನೆಗಳು ನೆಟ್ಟಗಿದ್ದವು. ಮೂಲೆಯಲ್ಲಿ ಮೇಪಲ್ ಮರ, ಅದರಡಿ ನೀಲಿ ಅಂಚೆಪೆಟ್ಟಿಗೆ. ಹಾಲಿಸ್‌ನ ಎದೆ ಉಬ್ಬಿತು. ಅವಳು ಬರೆಯುತ್ತಿದ್ದದ್ದು ಅವನ ಬೀದಿ. ಒಂದೊಂದು ಜಗಲಿಗೂ ಹಳದಿ ಚುಕ್ಕೆ ಬೀಳುತ್ತಿತ್ತು. ಒಂದು ಮನೆಯನ್ನು ಮಾತ್ರ ಹಾಗೇ ಬಿಟ್ಟು ಮುಂದೆ ಹೋದಳು.

"ಇದಕ್ಕೆ?"

"ಅದು ನಿಂದು."

"ದೀಪ ಇಡೋದು ಮರೆತೆ."

"ಮರೆತಿಲ್ಲ. ಹೋದ ವರ್ಷ ಬಂದಿದ್ದೆ. ಗೂಬೆ ವೇಷ. ಅಮ್ಮ ಮರದ ಹತ್ರ ನಿಂತಿದ್ಲು."

"ಬಾಗಿಲು ತಟ್ಟಬೇಕಿತ್ತು, ಪುಟ್ಟಾ."

"ದೀಪ ಆರಿತ್ತಲ್ಲ. ಆರಿದ್ರೆ ತಟ್ಟಬಾರ್ದು. ನೀನೇ ಹೇಳ್ಕೊಟ್ಟಿದ್ದು."

ಹೌದು, ಅವನೇ. ಆ ಸಂಜೆ ದೀಪ ಆರಿಸಿದ್ದವನೂ ಅವನೇ. ಯಾರ ಗದ್ದಲವೂ ಬೇಡವೆಂದು ಹಿಂದಿನ ಅಡುಗೆಮನೆಯಲ್ಲಿ ಕೂತು 'ಆತಿಥ್ಯದ ನೀತಿ'ಯ ಬಗ್ಗೆ ಹುಡುಗರು ಬರೆದಿದ್ದ ನಲವತ್ತು ಪ್ರಬಂಧಗಳನ್ನು ತಿದ್ದುತ್ತಿದ್ದ. ಮೆಟ್ಟಿಲ ಬಳಿ ತರಗೆಲೆಗಳು ಸರಸರ ಸದ್ದು ಮಾಡಿದ್ದವು. ಪೆನ್ನು ಎತ್ತಿ ಹಿಡಿದು, ಹೆಜ್ಜೆಗಳು ಹಿಂತಿರುಗುವವರೆಗೆ ಅಲ್ಲಾಡದೆ ಕಾದಿದ್ದ. ಹೋದ ಮೇಲೆ ಹಗುರವೆನಿಸಿತ್ತು.

"ಬಲ್ಬ್ ಕೆಟ್ಟಿತ್ತು," ಎಂದ.

"ಹೂಂ."

"ಈಗ ಸರಿಯಾಗಿದೆ. ಬರ್ತೀಯಾ ಇವತ್ತು?"

"ಇವತ್ತು ನಂದು ಟೋಸ್ಟರ್ ವೇಷ. ರಟ್ಟಿನ ಡಬ್ಬ. ಕೂರೋಕೇ ಆಗಲ್ಲ."

"ಕೂರೋದೇನು ಬೇಡ. ಬಾಗಿಲಲ್ಲೇ ನಿಂತ್ಕೊ."

ಟಿಲ್ಲಿ ಮುಂದಿನ ಮನೆಗೆ ಗೋಡೆ ಎಬ್ಬಿಸಿದಳು. "ಐದು ಗಂಟೆಗೇ ಹೊರಡ್ತೀವಿ. ಕತ್ತಲಾಗೋಕೆ ಮುಂಚೆ ವಾಪಸ್ ಅಂದಿದಾಳೆ ಅಮ್ಮ. ದೀಪ ಇದ್ರೆ ಬರ್ತೀನಿ."

ಅವನು ಹಳದಿ ಬಣ್ಣದ ಕಡ್ಡಿ ತೆಗೆದುಕೊಂಡು ಅವಳ ಕಾಗದದ ಕಡೆ ಬಾಗಿದ. ಅವಳು ಕಾಗದ ಎಳೆದುಕೊಂಡಳು.

"ನಿನ್ನ ಚಿತ್ರದಲ್ಲಿ ಹಚ್ಕೊ."

"ಎಷ್ಟು ಚೆನ್ನಾಗಿದೆ!" ಗ್ವೆನ್ ಇಬ್ಬರ ಹೆಗಲ ಮೇಲೂ ಕೈಯಿಟ್ಟಳು. "ಈ ಕತ್ತಲೆ ಮನೆ ಇದೆಯಲ್ಲ, ಕಣ್ಣಿಗೆ ಎಷ್ಟು ತಂಪು!"

ಎರಡೂವರೆಗೆ ಕಾರು ಬಂತು. ಟಿಲ್ಲಿ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹತ್ತಿದಳು. ಹಿಂದಿನ ಸೀಟಿನಲ್ಲಿ ಟೋಸ್ಟರ್ ಆಗಲೇ ಬೆಲ್ಟ್ ಹಾಕಿಕೊಂಡು ಕೂತಿತ್ತು.

ಹಾಲಿಸ್ ಮನೆಗೆ ಬಂದವನೇ ಜಗಲಿಯ ಸ್ವಿಚ್ ಒತ್ತಿ ಹೊರಗೆ ಬಂದು ನೋಡಿದ. ಅಕ್ಟೋಬರಿನ ಬಿಸಿಲು ನೇರವಾಗಿ ಬಾಗಿಲಿಗೇ ಹೊಡೆಯುತ್ತಿತ್ತು. ದೀಪದ ಗಾಜಿನ ಬುರುಡೆಯೊಳಗೆಲ್ಲ ಬರೀ ಬಿಸಿಲು. ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಗೇಟಿನವರೆಗೆ ಹೋಗಿ, ಟೋಸ್ಟರಿನ ಎತ್ತರಕ್ಕೆ ಬಗ್ಗಿ ನೋಡಿದ. ಅಲ್ಲಿಂದಲೂ ಅಷ್ಟೇ. ಅವಳು ಹೊರಡುವ ಐದು ಗಂಟೆಗೂ ಬಿಸಿಲು ಇರುತ್ತದೆ.

ಅಡುಗೆಮನೆಯ ಕುರ್ಚಿ ತಂದು ಹತ್ತಿ, ಎರಡೂ ಕೈಯಿಂದ ಗಾಜನ್ನು ಮರೆಮಾಡಿದ. ಬೆರಳ ಸಂದುಗಳಿಂದ ಬಿಸಿಲು ನುಗ್ಗಿತು. ಗಾಜು ಬೆಚ್ಚಗಿತ್ತು. ಒಳಗಿನಿಂದಲೋ, ಹೊರಗಿನಿಂದಲೋ.

ಇಳಿದು ಹೋಗಿ, ಹೊತ್ತಿಸುತ್ತಿದ್ದೇನೋ ಆರಿಸುತ್ತಿದ್ದೇನೋ ತಿಳಿಯದೆ ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿದ. ಮತ್ತೆ ಕುರ್ಚಿ ಹತ್ತಿದ. ಗಾಜು ಹಾಗೇ ಬೆಚ್ಚಗಿತ್ತು.